ಪಿಂಕಿಯ ಬಾಗಿಲು

ಒಂದಾನೊಂದು ಕಾಲದಲ್ಲಿ, ಬೆಕ್ಕುಗಳಿಗೆಲ್ಲ ಮುಂಗುಸಿಯ ಹಾಗೆ ಚೂಪು ಮೂಗಿದ್ದ ಕಾಲದಲ್ಲಿ, ಒಂದು ವಾಡೆಯಲ್ಲಿ ಒಬ್ಬ ಹುಡುಗಿಯೂ ಅವಳ ಬೆಕ್ಕೂ ಇದ್ದರು. ಒಂದು ದಿನ ಹುಡುಗಿ ಬೆಕ್ಕನ್ನು ಕೋಣೆಯೊಳಗೆ ಬಿಟ್ಟು, "ಇಲ್ಲೇ ಕೂತಿರು, ನಾ ಬಂದು ಕದ ತೆಗೀತೀನಿ" ಎಂದು ಮಾತು ಕೊಟ್ಟು ಹೊರಗೆ ಹೋದಳು. ಬೆಕ್ಕು ಕದಕ್ಕೆ ಮುಖ ಹಚ್ಚಿ ಕೂತಿತು. ಬೇಸಿಗೆ ಬಂದು ಹೋಯಿತು, ಮಳೆ ಬಂದು ಹೋಯಿತು, ವಾಡೆಯ ರಾಜ ಮುದುಕನಾಗಿ ಅವನ ಮಗ ಗಾದಿ ಏರಿದ. ಬೆಕ್ಕು ಕದ ಬಿಟ್ಟು ಕದಲಲಿಲ್ಲ. ಒತ್ತಿ ಒತ್ತಿ ಅದರ ಮೂಗು ಒಳಕ್ಕೆ ಹೋಯಿತು, ಮುಖ ಅಂಗೈಯ ಹಾಗೆ ಚಪ್ಪಟೆಯಾಯಿತು, ಕಾದು ಕಾದು ಕಣ್ಣೀರು ಸುರಿದು ಮೂಗಿನ ಎರಡೂ ಬದಿಗೆ ಚಹದ ಬಣ್ಣದ ಗೆರೆ ಬಿತ್ತು.

"ಕದ ತೆಗದಳೇನು ಅಕಿ?" ಎಂದು ಮೊಮ್ಮಗಳು ಲಹರಿ ಕೇಳಿದರೆ ಶಿವದೇವಿ ಅಜ್ಜಿ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿ ಹೇಳುತ್ತಿದ್ದಳು: "ಅದು ಇನ್ನಾ ಆಗಿಲ್ಲವ್ವ. ಆದಮ್ಯಾಲ ಹೇಳತೀನಿ."

ಪಿಂಕಿ ಎಂಬ ಬಿಳಿ ಪರ್ಷಿಯನ್ ಬೆಕ್ಕು ಕಾಚಿಗುಡದ ಮಹಡಿ ಮನೆಗೆ ಬಂದ ದಿನವೇ ಅಜ್ಜಿ ಈ ಕಥೆಯನ್ನು ಕಟ್ಟಿದ್ದಳು. ಲಹರಿಯ ಅಕ್ಕ ಶೈಲಶ್ರೀಗೆ ಆ ಬೆಕ್ಕನ್ನು ಕೊಟ್ಟದ್ದು ಅವಳ ಗೆಳತಿ. ಮದುವೆಯಾಗಿ ಜೆಡ್ಡಾಕ್ಕೆ ಹೊರಟವಳು. ಅಪ್ಪ ಅಮರೇಶಪ್ಪ ಅದರ ಮುಖ ನೋಡಿ, "ಲಟ್ಟಣಗಿಲೆ ಒತ್ಯಾರೇನು ಇದರ ಮಾರಿ?" ಎಂದಿದ್ದ. ಅವ್ವ ಕಮಲಾಕ್ಷಿ, ಮಾಂಸದ ವಾಸನೆಯ ಕಾಳು ತಿನ್ನುವ ಪ್ರಾಣಿ ಲಿಂಗವಂತರ ಅಡುಗೆಮನೆಯ ಹೊಸ್ತಿಲು ದಾಟಬಾರದು ಎಂದು ಕರಾರು ಹಾಕಿದ್ದಳು. ಹೀಗಾಗಿ ಮೀನಿನ ಚಿತ್ರವಿದ್ದ ಆ ಕಾಳಿನ ಚೀಲಕ್ಕೆ ಅಪ್ಪ ತನ್ನ ಅಂಗಡಿಯ ಕಂದು ಕಾಗದ ಸುತ್ತಿ ಮಾಳಿಗೆಯ ಮೆಟ್ಟಿಲ ಕೆಳಗೆ ಇಟ್ಟ. ಬರುಬರುತ್ತ ಅದೇ ಬೆಕ್ಕು ಅವನ ಲುಂಗಿಯ ಮಡಿಲಲ್ಲಿ ಮಲಗಿ ಗೊರಕೆ ಹೊಡೆಯತೊಡಗಿತು.

ಶೈಲಶ್ರೀಗೆ ಕಲಬುರಗಿಗೆ ಮದುವೆಯಾಯಿತು. ಅಲ್ಲಿ ಅತ್ತೆಗೆ ಬೆಕ್ಕೆಂದರೆ ಉಸಿರು ಕಟ್ಟುತ್ತಿತ್ತು. ಕಾರು ಹತ್ತುವ ಮುಂಚೆ, ಉಡಿ ತುಂಬಿದ ಅಕ್ಕಿ ಸೆರಗಿನಲ್ಲಿರುವಾಗಲೇ, ಅವಳು ತಂಗಿಯನ್ನು ಬದಿಗೆ ಕರೆದು ಎಲ್ಲವನ್ನೂ ಮತ್ತೊಮ್ಮೆ ಒಪ್ಪಿಸಿದಳು. ಮುಖದ ಮಡಿಕೆಯನ್ನು ಕಾಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ದಿನಾ ಒರೆಸಬೇಕು, ಒರೆಸಿದ ಮೇಲೆ ಒಣಗಿಸಲೇಬೇಕು. ಬಟ್ಟಲಲ್ಲಿ ಹಾಕಿದರೆ ಅದಕ್ಕೆ ತಿನ್ನಲು ಬಾರದು, ಚಪ್ಪಟೆ ತಾಟೇ ಬೇಕು. ಕೂದಲು ಗಂಟಾಗಲು ಬಿಡಬಾರದು. ಸೆಕೆಯ ಕೋಣೆಯಲ್ಲಿ ಕೂಡಿಹಾಕಬಾರದು, ಆ ಮೂಗಿಗೆ ಉಸಿರಾಟವೇ ಒಂದು ಕೆಲಸ.

"ಯಾರಿಗೂ ಕೊಡಬ್ಯಾಡ ಅದನ್ನ," ಎಂದಳು ಕೊನೆಗೆ. "ನಾ ಚೊಚ್ಚಲಿಗೆ ಬರತೀನಲ್ಲ, ಆವಾಗ ನನ್ನ ತೊಡಿ ಮ್ಯಾಲ ತಂದು ಹಾಕಬೇಕು."

"ಹಾಕತೀನಿ," ಎಂದು ಲಹರಿ ಅವಳ ಕೈಮೇಲೆ ಕೈಯಿಟ್ಟಳು.

ಮರುವರ್ಷದ ಚಳಿ ಮುಗಿಯುವ ಹೊತ್ತಿಗೆ ಅಕ್ಕ ಬಸುರಿ ಎಂಬ ಸುದ್ದಿ ಬಂತು. ಅದೇ ತಿಂಗಳು ಲಿಂಗಸುಗೂರಿನಲ್ಲಿ ಚಿಕ್ಕಪ್ಪನ ಹೊಸ ಮನೆಯ ಪ್ರವೇಶವಿತ್ತು. ಎಲ್ಲರೂ ಊರಿಗೆ ಹೊರಟಾಗ ಪಿಂಕಿಯನ್ನು, ಸಾಕುಪ್ರಾಣಿಗಳನ್ನು ಇಟ್ಟುಕೊಳ್ಳುವ ಒಂದು ಅಂಗಡಿಯಲ್ಲಿ ಬಿಟ್ಟುಹೋದರು. ತಿರುಗಿ ಬಂದಾಗ ಅದರ ಕಿವಿಯ ಬುಡದಲ್ಲಿ ನಾಣ್ಯದಗಲ ಕೂದಲು ಉದುರಿತ್ತು. ಕೆಲವು ದಿನಗಳಲ್ಲಿ ಹಣೆಯ ಮೇಲೊಂದು, ಮುಂಗಾಲಿನ ಮೇಲೊಂದು. ಬೂದಿ ಉದುರಿದ ಹಾಗೆ ಹೊಟ್ಟು ಏಳುತ್ತಿತ್ತು.

ನಾರಾಯಣಗುಡದ ಪ್ರಾಣಿ ವೈದ್ಯ ಸತೀಶ ಕೋಣೆಯ ದೀಪ ಆರಿಸಿ, ನೀಲಿ ಬೆಳಕಿನ ಲ್ಯಾಂಪನ್ನು ಪಿಂಕಿಯ ಮೇಲೆ ಹಿಡಿದ. ಕೂದಲ ಬುಡಗಳು ಹಸಿರಾಗಿ ಹೊಳೆದವು. ಲಹರಿಗೆ ಅದು ಒಂದು ಕ್ಷಣ ಮಿಂಚುಹುಳ ಕೂತ ಬೇಲಿಯ ಹಾಗೆ ಚೆಂದ ಕಂಡಿತು. ಡಾಕ್ಟರು ದೀಪ ಹಾಕಿ, ತೆಲುಗಿನಲ್ಲಿ, ಇದು ಗಜಕರ್ಣ ಎಂದ. ಚಪ್ಪಟೆ ಮುಖದ ಈ ಜಾತಿಗೆ ಉದ್ದ ಕೂದಲು, ಮೈ ಸರಿಯಾಗಿ ನೆಕ್ಕಿಕೊಳ್ಳಲು ಬಾರದು, ಮಡಿಕೆಗಳಲ್ಲಿ ಪಸೆ ನಿಲ್ಲುತ್ತದೆ. ಹತ್ತಿತೆಂದರೆ ಬಿಡಿಸುವುದು ತಿಂಗಳುಗಟ್ಟಲೆಯ ಕೆಲಸ. ಮನುಷ್ಯರಿಗೂ ಹತ್ತುತ್ತದೆ. ಉದುರಿದ ಒಂದೊಂದು ಕೂದಲಲ್ಲೂ ರೋಗದ ಬೀಜ ವರ್ಷಗಟ್ಟಲೆ ಕೂತಿರುತ್ತದೆ. ಬೇರೆ ಕೋಣೆಯಲ್ಲಿ ಇಡಿ, ಔಷಧ ಕುಡಿಸಿ, ವಾರಕ್ಕೆರಡು ಸಲ ಗಂಧಕದ ನೀರಿನಿಂದ ಮೈ ತೋಯಿಸಿ, ಅದು ಕೂತ ಜಾಗ ಒರೆಸಿ, ಮುಟ್ಟಿದ ಬಟ್ಟೆ ಕುದಿಸಿ ಎಂದ.

ಮನೆಯಲ್ಲಿ ಬಸುರಿ ಹೆಂಗಸರು ಇದ್ದಾರೆಯೇ ಎಂದೂ ಕೇಳಿದ. ಆ ಮಾತನ್ನು ಲಹರಿ ಮನೆಯಲ್ಲಿ ಹೇಳಲಿಲ್ಲ. ಅಕ್ಕ ಬರಲು ಇನ್ನೂ ತಿಂಗಳುಗಳಿವೆ, ಅಷ್ಟರಲ್ಲಿ ವಾಸಿಯಾಗುತ್ತದೆ ಎಂದುಕೊಂಡಳು.

ಅಪ್ಪನ ಅಂಗಡಿಯ ಹಳೇ ಬಟ್ಟೆಯ ಥಾನುಗಳನ್ನು ಇಡುತ್ತಿದ್ದ ಹಿಂದಿನ ಸಣ್ಣ ಕೋಣೆಯನ್ನು ಖಾಲಿ ಮಾಡಿದರು. ಪಿಂಕಿಯನ್ನು ಒಳಗೆ ಬಿಟ್ಟು ಕದ ಹಾಕಿದಾಗ ಅದು ಬಂದು ಕದಕ್ಕೆ ಮುಖ ಹಚ್ಚಿ ಕೂತಿತು. ಕೆಳಗಿನ ಸಂದಿಯಿಂದ ಅದರ ಉಸಿರು ಸೊರ್ ಸೊರ್ ಎಂದು ಕೇಳುತ್ತಿತ್ತು. ಲಹರಿ ಹೊರಗಿನಿಂದ ಬಗ್ಗಿ ಹೇಳಿದಳು: "ಇಲ್ಲೇ ಕೂತಿರು. ನಾ ಬಂದು ಕದ ತೆಗೀತೀನಿ." ಹೇಳಿದ ಮೇಲೆ ಆ ಮಾತು ಎಲ್ಲಿಯದು ಎಂದು ಅವಳಿಗೆ ನೆನಪಾಯಿತು.

ಗಂಧಕದ ನೀರೆಂದರೆ ಕೊಳೆತ ಮೊಟ್ಟೆಯ ವಾಸನೆ. ಮೊಟ್ಟೆ ಎಂಬ ವಸ್ತು ಎಂದೂ ಕಾಲಿಡದ ಮನೆಯ ಬಚ್ಚಲಿನಿಂದ ಆ ವಾಸನೆ ಎದ್ದು ಮೆಟ್ಟಿಲಿಳಿದು ಕೆಳಮನೆಗೂ ಹೋಯಿತು. ಮುಖಕ್ಕೆ ನೀರು ಹೊಯ್ಯುವಂತಿರಲಿಲ್ಲ, ಆ ಮೂಗಿನೊಳಗೆ ಹನಿ ಹೋದರೂ ಗಂಟಲು ಹಿಡಿಯುತ್ತಿತ್ತು. ಹಾಗಾಗಿ ಹಣೆ ಕೆನ್ನೆಗೆ ಲಹರಿ ಹತ್ತಿಯಿಂದ ಹಚ್ಚುತ್ತಿದ್ದಳು. ಹಳದಿ ನೀರಿನಲ್ಲಿ ತೊಯ್ದ ಪಿಂಕಿ ತನ್ನ ಅರ್ಧದಷ್ಟಾಗಿ, ಕೂಗಲೂ ಮನಸ್ಸಿಲ್ಲದೆ, ಅವಳ ಮೊಣಕೈಯಲ್ಲಿ ತಲೆ ತುರುಕಿ ನಿಲ್ಲುತ್ತಿತ್ತು.

ಒಂದು ಮುಂಜಾನೆ ಕೆಳಮನೆಯ ಹಣಮಂತರಾಯರು ಮೆಟ್ಟಿಲ ಬುಡದಲ್ಲಿ ಅಪ್ಪನನ್ನು ತಡೆದರು. "ಏನ್ರಿ ಅಮರೇಶಪ್ಪನವರ, ತತ್ತಿ ಗಿತ್ತಿ ಸುರು ಮಾಡೀರೇನು ಮನ್ಯಾಗ?"

"ಇಲ್ರಿ, ಬೆಕ್ಕಿನ ಔಷಧ ಅದು."

"ಬೆಕ್ಕಿಗಾ? ಇರಲಿ ಬಿಡ್ರಿ. ಈಗಿನ ಕಾಲದಾಗ ಯಾರೂ ಏನೂ ಅನ್ನಂಗಿಲ್ಲ."

ಅಪ್ಪ ಅಂಗಡಿಯಿಂದ ಬಂದವನು ಊಟಕ್ಕೆ ಕೂತು ಆ ಸಿಟ್ಟನ್ನೆಲ್ಲ ಪುಂಡಿಪಲ್ಲೆಯ ಮೇಲೆ ತೀರಿಸಿಕೊಂಡ. ಉಪ್ಪಿಲ್ಲ ಎಂದ. ಉಪ್ಪು ಹಾಕಿಸಿಕೊಂಡು ಹೆಚ್ಚಾಯಿತು ಎಂದ. ಕಮಲಾಕ್ಷಿ ಅವನ ಮುಖ ನೋಡುತ್ತ, ಹಣೆಯ ಮೇಲೆ ಅದೇನು ಕೆಂಪಗೆ ಎಂದು ಕೇಳಿದಳು. ಮೂರು ಬೆರಳ ವಿಭೂತಿಯ ಕೆಳಗೆ, ಎರಡು ಹುಬ್ಬಿನ ನಡುವೆ, ಬಳೆಯ ಚೂರಿನ ಹಾಗೆ ಒಂದು ಕೆಂಪು ಗೆರೆ ಬಾಗಿತ್ತು.

ಸುಲ್ತಾನ್ ಬಜಾರದಲ್ಲಿ ಅಪ್ಪನದು ಮ್ಯಾಚಿಂಗ್ ಅಂಗಡಿ. ಸೀರೆ ತಂದವರಿಗೆ ಅದರ ಬಣ್ಣದ್ದೇ ಕುಬಸದ ತುಂಡು ಹುಡುಕಿ ಕೊಡುವುದು ಅವನ ವೃತ್ತಿ. ಗಿರಾಕಿ ಹೆಂಗಸರು ಸೀರೆ ಬಿಟ್ಟು ಅವನ ಹಣೆ ನೋಡತೊಡಗಿದರು. ಅವನು ಡಾಕ್ಟರ ಬಳಿ ಹೋಗದೆ, ಔಷಧದ ಅಂಗಡಿಯವನು ಕೊಟ್ಟ ಮುಲಾಮಿನ ಟ್ಯೂಬು ತಂದು ಹಚ್ಚಿದ. ನಾಲ್ಕು ದಿನ ಕೆಂಪು ಅಡಗಿತು, ಮತ್ತೆ ಅಗಲವಾಗಿ ಎದ್ದಿತು. ಅಷ್ಟರಲ್ಲಿ ಅವ್ವನ ಹಣೆಯಲ್ಲೂ ಎದ್ದಿತ್ತು. ಲಹರಿಯ ಹಣೆಯಲ್ಲೂ ತುರಿಕೆ ಶುರುವಾಗಿತ್ತು. ಅಜ್ಜಿಯ ಸುಕ್ಕುಗಳ ನಡುವೆ ಏನಿದೆ ಏನಿಲ್ಲ ಗೊತ್ತಾಗುವಂತಿರಲಿಲ್ಲ. ಅವಳು ಮಾತ್ರ ಬೆರಳು ಮೂರನ್ನೂ ಸೀರೆಗೆ ತಿಕ್ಕಿಕೊಳ್ಳುತ್ತಿದ್ದಳು.

ಎಪ್ರಿಲ್ ಕೊನೆಯಲ್ಲಿ ಶೈಲಶ್ರೀಯ ಕುಬಸದ ಕಾರ್ಯ. ಹಸಿರು ಸೀರೆ, ಹಸಿರು ಬಳೆ ತೊಡಿಸಿ ಬಸುರಿಯನ್ನು ಕೂಡಿಸಿ ಆರತಿ ಮಾಡುವುದು. ಅದಕ್ಕಾಗಿ ಕಲಬುರಗಿಯಿಂದ ಅಳಿಯ ಚೇತನಕುಮಾರ, ಬೀಗಿತಿ ವನಜಾ ಎಲ್ಲ ಬಂದರು. ಕಮಲಾಕ್ಷಿ ವಾರದಿಂದ ಕರದಂಟು, ಚಕ್ಕುಲಿ, ಹೋಳಿಗೆಯ ಕಣಕ ಎಂದು ಒಲೆಯ ಮುಂದೆಯೇ ಇದ್ದಳು. ಅದರ ಜೊತೆಗೇ ಬಾಣಂತನದ ಸಾಮಾನು ತಂದಿಟ್ಟಿದ್ದಳು: ಅಂಟು, ಉತ್ತತ್ತಿ, ಒಣ ಕೊಬ್ಬರಿ, ಅಳವಿ. ಪ್ರತಿಯೊಂದನ್ನೂ ಡಬ್ಬಿಯ ಮುಚ್ಚಳ ತೆಗೆದು ಬಂದವರಿಗೆ ತೋರಿಸುತ್ತಿದ್ದಳು.

ಬಂದ ಶೈಲಶ್ರೀ ನೇರ ಹಿಂದಿನ ಕೋಣೆಯ ಮುಂದೆ ಹೋಗಿ ನಿಂತಳು. ಕದ ತೆಗೆಯುವಂತಿಲ್ಲ ಎಂದು ಲಹರಿ ಹೇಳಬೇಕಾಯಿತು. ಅಕ್ಕ ಹೊಟ್ಟೆ ಹಿಡಿದು ಕಷ್ಟಪಟ್ಟು ಕೆಳಗೆ ಕೂತು, "ಪಿಂಕೀ" ಎಂದಳು. ಸಂದಿಯಿಂದ ಒಂದು ಪಂಜ ಹೊರಬಂದು ನೆಲ ತಡಕಿತು. ಅಕ್ಕ ಕೈ ಚಾಚಿದಳು. ಲಹರಿ ಅವಳ ಕೈಯನ್ನು ಹಿಡಿದು ಹಿಂದಕ್ಕೆಳೆದಳು.

"ಎಷ್ಟ ದಿನಾ ಹಿಂಗ?"

"ನೀ ಬರೋದ್ರಾಗ ಎಲ್ಲಾ ಅರಾಮಾಗತೈತಿ ಅಕ್ಕ."

ಆರತಿಯ ಹೊತ್ತಿಗೆ ಸೆಕೆ ಏರಿತ್ತು. ಕಮಲಾಕ್ಷಿ ತಟ್ಟೆ ಹಿಡಿದು ಮಗಳ ಮುಂದೆ ಬಗ್ಗಿದಾಗ ಬೆವರಿಗೆ ಹಣೆಯ ವಿಭೂತಿ ಕರಗಿ ಇಳಿಯಿತು. ದೀಪದ ಬೆಳಕಿನಲ್ಲಿ ಗಜಕರ್ಣದ ಕೆಂಪು ಉಂಗುರ ಸ್ಪಷ್ಟವಾಗಿ ಕಂಡಿತು. ವನಜಾ ಅವಳನ್ನು ನೋಡಿದಳು, ಅಮರೇಶಪ್ಪನನ್ನು ನೋಡಿದಳು, ಲಹರಿಯನ್ನು ನೋಡಿದಳು. ಊಟವಾದ ಮೇಲೆ ಅಡುಗೆಮನೆಗೆ ಬಂದು, ತಗ್ಗಿದ ದನಿಯಲ್ಲಿ ಮಾತೆತ್ತಿದಳು.

"ತಪ್ಪು ತಿಳಕೋಬ್ಯಾಡ್ರಿ ಬೀಗರ. ಎಳೀ ಕೂಸಿನ ಮೈ ಅದು. ನಾವು ಬಾಣಂತನ ಅಲ್ಲೇ ಮಾಡಿಕೊಳ್ಳತೀವಿ."

"ಚೊಚ್ಚಲ ಬಾಣಂತನ ಯಾರರ ಅತ್ತಿ ಮನ್ಯಾಗ ಮಾಡ್ತಾರೇನ್ರಿ?" ಕಮಲಾಕ್ಷಿಯ ಕೈಯಲ್ಲಿ ಸೌಟು ಹಾಗೇ ನಿಂತಿತ್ತು. "ನಾಳೆ ಮಂದಿ ಏನಂತಾರ, ತವರವ್ವ ಸತ್ತಾಳೇನು ಅಂತಾರ."

"ಮಂದಿಗೆ ನಾ ಹೇಳತೀನಿ. ನೀವು ಮೊದಲು ಮನಿ ನೆಟ್ಟಗ ಮಾಡ್ರಿ."

ಅವರು ಹೋದ ಮೇಲೆ ಕಮಲಾಕ್ಷಿ ಅಂಟು ಉತ್ತತ್ತಿಯ ಡಬ್ಬಿಗಳ ಮುಚ್ಚಳ ಒತ್ತಿ ಒತ್ತಿ ಹಾಕಿ ಮೇಲಿನ ಹಲಗೆಗೆ ಏರಿಸಿದಳು. ಆಮೇಲೆ ನಡುಮನೆಗೆ ಬಂದು, ಯಾರ ಮುಖವನ್ನೂ ನೋಡದೆ, ಆ ಬೆಕ್ಕು ಇನ್ನು ಈ ಮನೆಯಲ್ಲಿರಬಾರದು ಎಂದಳು.

ಲಹರಿ ಅಳುತ್ತ, ಅಕ್ಕನಿಗೆ ಮಾತು ಕೊಟ್ಟಿದ್ದೇನೆ ಎಂದಳು.

"ನೀ ಬೆಕ್ಕಿನ ಮಾತು ಕೊಟ್ಟಿ. ನಾ ಅಕೀನ್ನ ಹಡದು ಕೊಟ್ಟೀನಿ. ಯಾವುದು ದೊಡ್ಡದು, ನೀನ ಹೇಳು."

ಅಪ್ಪ ನಡುವೆ ಬಾಯಿ ಹಾಕಿ ಒಂದು ದಾರಿ ಮಾಡಿದ. ಡಾಕ್ಟರು ಮತ್ತೊಂದು ಪರೀಕ್ಷೆ ಮಾಡುವವನಿದ್ದಾನೆ. ಅದರಲ್ಲಿ ರೋಗ ಹೋಗಿದ್ದರೆ ಸರಿ, ಶೈಲಾಳನ್ನು ಇಲ್ಲಿಗೇ ಕರೆಸಲು ಬೀಗರ ಕಾಲು ಹಿಡಿಯೋಣ. ಹೋಗಿರದಿದ್ದರೆ, ಶಾಮೀರಪೇಟೆಯ ಆಚೆ ತೋಟವಿಟ್ಟುಕೊಂಡ ಒಬ್ಬ ಗಿರಾಕಿ ಇದ್ದಾನೆ, ಅವನ ತೋಟದಲ್ಲಿ ಬಿಡೋಣ. ಅಲ್ಲಿ ನಾಯಿಗಳಿವೆ ಎಂದು ಲಹರಿ ಅನ್ನುವಷ್ಟರಲ್ಲಿ ಅವನು ಎದ್ದು ಹೋಗಿದ್ದ.

ಮೇ ತಿಂಗಳ ಆ ದಿನಗಳಲ್ಲಿ ಲಹರಿಯ ಕೈ ಬ್ಲೀಚಿಂಗ್ ಪುಡಿಗೆ ಸುಲಿದುಹೋಯಿತು. ಮುಂಜಾನೆ ಎದ್ದು ಕೋಣೆಯ ನೆಲ, ಗೋಡೆ, ಕಿಟಕಿಯ ಸರಳು ಒರೆಸುತ್ತಿದ್ದಳು. ಬಟ್ಟೆ ಕುದಿಸುತ್ತಿದ್ದಳು. ಪಿಂಕಿಯ ಹಾಸಿಗೆಯೆಂದು ಅಂಗಡಿಯ ಕತ್ತರಿಸಿ ಉಳಿದ ತುಂಡುಗಳನ್ನು ಹಾಸಿ, ಮರುದಿನ ಸುಡುತ್ತಿದ್ದಳು. ಗುಲಾಬಿ, ಗಿಳಿಹಸಿರು, ಅರಿಶಿನ. ಮಾಳಿಗೆಯ ಮೇಲೆ ಯಾರದೋ ಮದುವೆಯನ್ನೇ ಸುಟ್ಟ ಹಾಗೆ ಬಣ್ಣದ ಹೊಗೆ. ಮಧ್ಯಾಹ್ನ ಅಂಗಡಿಯಲ್ಲಿ ಗಲ್ಲೆಯ ಮೇಲೆ ಕೂತು, ಗಿರಾಕಿ ತಂದ ಸೀರೆಯ ನೀಲಿಗೆ ಹಸಿರು ತುಂಡು ಹಿಡಿದು ಅಪ್ಪನಿಂದ ಬೈಸಿಕೊಂಡಳು.

ಎಲ್ಲಕ್ಕಿಂತ ಕಷ್ಟ ಸೆಕೆಯದು. ಆ ಕೋಣೆಗೆ ಪಡುವಣ ಬಿಸಿಲು. ಒಂದು ಸಂಜೆ ಅವಳು ಒಳಗೆ ಹೋದಾಗ ಪಿಂಕಿ ನಾಯಿಯ ಹಾಗೆ ಬಾಯಿ ತೆರೆದು ಏದುತ್ತಿತ್ತು, ನಾಲಿಗೆ ಕಪ್ಪಿಟ್ಟಿತ್ತು. ಒದ್ದೆ ಬಟ್ಟೆಯನ್ನು ಅದರ ಪಾದಗಳಿಗೆ, ಹೊಟ್ಟೆಗೆ ಒತ್ತುತ್ತ, ಮಣ್ಣಿನ ತಾಟಿನಲ್ಲಿ ತಣ್ಣೀರು ಮುಂದಿಡುತ್ತ, ಅದು ಬಾಯಿ ಮುಚ್ಚುವವರೆಗೆ ಕೂತಳು. ಹೊರಗೆ ಬಂದು ಅಂಗಡಿಯ ಕೂಲರನ್ನು ಮನೆಗೆ ತರೋಣವೇ ಎಂದು ಅಪ್ಪನನ್ನು ಕೇಳಿದಳು.

"ಗಿರಾಕಿಗೆ ಇಟ್ಟ ಕೂಲರ್ ಬೆಕ್ಕಿಗೆ ತರೂದಾ? ನನಗ ಹುಚ್ಚು ಹಿಡದದ ಅಂತಾರ ಬಜಾರದಾಗ."

ಪರೀಕ್ಷೆಯ ದಿನ ಸತೀಶ ಹೊಸದೊಂದು ಹಲ್ಲುಜ್ಜುವ ಬ್ರಶ್ಶಿನಿಂದ ಪಿಂಕಿಯ ಮೈಯೆಲ್ಲ ಬಾಚಿ, ಆ ಬ್ರಶ್ಶನ್ನೇ ಚೀಲದಲ್ಲಿ ಹಾಕಿ ಲ್ಯಾಬಿಗೆ ಕಳಿಸಿದ. ಫಲ ಬಂದ ದಿನ ಡಾಕ್ಟರ ದನಿಯೇ ಸೋತಿತ್ತು. ಕಾಲು ವಾಸಿಯಾಗಿದೆ, ಕಿವಿಯಲ್ಲಿ ಕೂದಲು ಬಂದಿದೆ, ಆದರೆ ರೋಗ ಹೋಗಿಲ್ಲ. ಹಣೆಯ ಕಲೆ ಮಾತ್ರ ಹೋದಷ್ಟೂ ಬರುತ್ತಿದೆ. ನೀವು ತೊಳೆಯದೇ ಬಿಟ್ಟದ್ದು ಏನೋ ಒಂದು ಮನೆಯಲ್ಲಿದೆ ಎಂದ. ನಿಮ್ಮ ಬಾಚಣಿಗೆ, ದಿಂಬು, ಟವೆಲು?

ಅವೆಲ್ಲವನ್ನೂ ಅವಳು ಕುದಿಸಿದ್ದಳು. ಕುದಿಸಲು ಮನೆಯಲ್ಲಿ ಇನ್ನೇನೂ ಉಳಿದಿರಲಿಲ್ಲ.

ಅಪ್ಪ ಗಿರಾಕಿಗೆ ಫೋನು ಮಾಡಿದ. ಭಾನುವಾರ ಬಂದು ಒಯ್ಯುತ್ತೇನೆ ಎಂದು ಆ ಮನುಷ್ಯ ಸಂತೋಷದಿಂದ ಒಪ್ಪಿದ. ಲಹರಿ ಊಟ ಬಿಟ್ಟಳು. ಅವ್ವ ಎರಡು ಸಲ ಕರೆದಳು, ಮೂರನೆಯ ಸಲ ಕರೆಯಲಿಲ್ಲ. ರೊಟ್ಟಿಯ ಮೇಲೆ ಬಟ್ಟೆ ಮುಚ್ಚಿಟ್ಟು ತಾನೂ ಉಣ್ಣದೆ ಮಲಗಿದಳು.

ಶನಿವಾರ ನಸುಕಿನಲ್ಲಿ, ಇದೇ ಕೊನೆಯ ಸಲ ಕೋಣೆ ಒರೆಸುವುದು ಎಂದುಕೊಂಡು ಲಹರಿ ಬಕೆಟ್ಟು ಹಿಡಿದು ಹಿಂದಕ್ಕೆ ಹೋದಳು. ಕೋಣೆಯ ಕದ ಅರ್ಧ ತೆರೆದಿತ್ತು. ಒಳಗಿನಿಂದ ಅಜ್ಜಿಯ ದನಿ ಬರುತ್ತಿತ್ತು.

ಅಜ್ಜಿ ಮನೆಯಲ್ಲಿ ಎಲ್ಲರಿಗಿಂತ ಮೊದಲೇಳುವವಳು. ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ವಿಭೂತಿಗಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಓಡಾಡುತ್ತಿದ್ದಳು. ಯಾರು ಎದ್ದು ಮುಖ ತೊಳೆದು ಬಂದರೂ ಒದ್ದೆ ಬೆರಳು ಮೂರನ್ನು ಗಟ್ಟಿಗೆ ತಿಕ್ಕಿ ಅವರ ಹಣೆಗೆ ಎಳೆಯುವುದು ಅವಳ ನೇಮ. ವಿಭೂತಿ ಇಲ್ಲದೆ ಆ ಮನೆಯಿಂದ ಯಾರೂ ಮೆಟ್ಟಿಲಿಳಿದದ್ದಿಲ್ಲ. ಈಗ ಅವಳು ಗೋಡೆಗೊರಗಿ ಕೂತಿದ್ದಳು. ಪಿಂಕಿ ಅವಳ ಮುಂದೆ ಕಣ್ಣು ಮುಚ್ಚಿ, ಚಪ್ಪಟೆ ಮುಖ ಮೇಲೆತ್ತಿತ್ತು. ಅಜ್ಜಿ ಗಟ್ಟಿಗೆ ಬೆರಳು ತಿಕ್ಕಿ ಅದರ ಹಣೆಯ ಬೋಳು ಕಲೆಯ ಮೇಲೆ ನಿಧಾನಕ್ಕೆ ಎಳೆದಳು. ಮತ್ತೆ ತಿಕ್ಕಿದಳು, ಮತ್ತೆ ಎಳೆದಳು.

"ಮೊದಲ ಮೂಕ ಜೀವಕ್ಕ, ಆಮ್ಯಾಲ ಮನಿಷಾರಿಗೆ," ಎಂದು ಅದಕ್ಕೇ ಹೇಳುತ್ತಿದ್ದಳು. "ಎಷ್ಟ ಔಷಧ ಹಾಕಿದ್ರೂ ಶಿವನ ಕೈ ಬೇಕಾಗತೈತಿ ತಂಗಿ. ನಾ ಹಚ್ಚತೀನಿ ತಗಾ, ನೀ ಅರಾಮಾಗ್ತಿ."

ಲಹರಿ ಬಕೆಟ್ಟು ಕೆಳಗಿಡುವುದನ್ನೂ ಮರೆತು ನಿಂತಳು. ಅಪ್ಪನ ಹಣೆ. ಅವ್ವನ ಹಣೆ. ತನ್ನ ಹಣೆ. ಯಾರ ಕೈಮೇಲೂ ಅಲ್ಲ, ಯಾರ ಕುತ್ತಿಗೆಯ ಮೇಲೂ ಅಲ್ಲ. ಈಗ ಪಿಂಕಿಯ ಹಣೆ ಮುಟ್ಟಿದ ಗಟ್ಟಿ ಇನ್ನೊಂದು ಗಳಿಗೆಯಲ್ಲಿ ಅಪ್ಪನ ಹಣೆಗೆ ಬರುತ್ತದೆ, ನಾಳೆ ತಿರುಗಿ ಇಲ್ಲಿಗೆ.

ಅವಳು ಸುಮ್ಮನೆ ಹಿಂದೆ ಸರಿದಳು. ಹೇಳಿದರೆ ಪಿಂಕಿ ಉಳಿಯುತ್ತದೆ. ಹೇಳಿದರೆ, ಹುಟ್ಟಿದಾಗಿನಿಂದ ತನ್ನ ಹಣೆ ಮುಟ್ಟಿದ ಕೈಗೆ ನೀನೇ ಹೊಲಸು ಎಂದ ಹಾಗಾಗುತ್ತದೆ. ದಿನವಿಡೀ ಅಂಗಡಿಯಲ್ಲಿ ಅದನ್ನೇ ತಿರುವಿ ತಿರುವಿ ನೋಡಿದಳು. ಅವ್ವ ಮನೆ ತುಂಬ ಕೇಳುವಂತೆ ಅಜ್ಜಿಗೆ ಅಂದಾಳು ಎಂಬ ಹೆದರಿಕೆ ಬೇರೆ. ಚೊಚ್ಚಲ ಬಾಣಂತನ ತಪ್ಪಿಸಿದ್ದು ಅತ್ತೆಯ ಬೆರಳು ಎಂದು ಗೊತ್ತಾದರೆ ಕಮಲಾಕ್ಷಿ ಸುಮ್ಮನಿರುವವಳಲ್ಲ.

ಸಂಜೆ ಅಜ್ಜಿ ಮಾಳಿಗೆಯ ಮೇಲೆ ಬಿಲ್ವದ ಕುಂಡದ ಹತ್ತಿರ ಕೂತಿದ್ದಳು. ಲಹರಿ ಹೋಗಿ ಅವಳ ಮೊಣಕಾಲಿಗೆ ತಲೆಯಿಟ್ಟಳು. ಬೇರೆ ದಾರಿ ತೋರಲಿಲ್ಲ. ಅವಳಿಗೆ ಅಜ್ಜಿ ಕಲಿಸಿದ್ದು ಒಂದೇ.

"ಅಜ್ಜೀ, ನಾ ಒಂದು ಕಥಿ ಹೇಳಲೇನು?"

"ಹೇಳವ್ವ. ನನಗ ಹೇಳವರು ಯಾರು ಅದಾರ."

"ಒಂದು ಊರಾಗ ಒಬ್ಬಾಕಿ ಅಜ್ಜಿ ಇದ್ದಳಂತ. ಅಕೀ ಕೈಯಾಗ ಒಂದು ಬೆಳ್ಳನ್ನ ಗುಂಡು. ಮುಂಜಾನೆದ್ದು ಅದರಿಂದ ಎಲ್ಲಾರ ಹಣಿಗೂ ಒಳ್ಳೇದು ಹಚ್ಚತಿದ್ದಳು. ಮೊದಲ ಬೆಕ್ಕಿಗೆ, ಆಮ್ಯಾಲ ಮಗಗ, ಸೊಸಿಗೆ, ಮೊಮ್ಮಗಳಿಗೆ. ಒಂದು ಸಲ ಬೆಕ್ಕಿನ ಹಣಿ ಮ್ಯಾಲ ಒಂದು ಸಣ್ಣ ರಾಕ್ಷಸ ಬಂದು ಕೂತ. ಅವನು ಕಣ್ಣಿಗೆ ಕಾಣಂಗಿಲ್ಲ. ಅವನಿಗೆ ನಡಿಯಾಕ ಬರಂಗಿಲ್ಲ. ಹಂಗಾಗಿ..."

ಅಜ್ಜಿಯ ಕೈ ಅವಳ ತಲೆಯ ಮೇಲೆ ಸರಿದಾಡುತ್ತಿದ್ದದ್ದು ನಿಂತಿತು.

"ಹಂಗಾಗಿ ಅಜ್ಜಿ ಕೈಬಟ್ಟಿನ ಮ್ಯಾಲ ಕೂತ," ಎಂದಳು ಅಜ್ಜಿ.

ಲಹರಿ ಅವಳ ಮೊಣಕಾಲಿಗೆ ಮುಖ ಒತ್ತಿದಳು.

"ಆ ಅಜ್ಜಿ ನಾನ ಏನವ್ವಾ?"

ಕೈ ಮೆಲ್ಲಗೆ ತಲೆಯ ಮೇಲಿನಿಂದ ಎದ್ದು ಹೋಯಿತು. ಲಹರಿ ತಲೆಯೆತ್ತಿ ನೋಡಿದಾಗ ಅಜ್ಜಿ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು, ಚಳಿಯಾದವರ ಹಾಗೆ.

ಭಾನುವಾರ ಗಿರಾಕಿ ಬುಟ್ಟಿ ಹಿಡಿದೇ ಬಂದ. ಅಪ್ಪ ಅವನಿಗೆ ಕುರ್ಚಿ ಹಾಕಿದ. ಅವ್ವ ಚಹಕ್ಕಿಟ್ಟಳು. ಲಹರಿ ಹಿಂದಿನ ಕೋಣೆಯ ಕದಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ತನ್ನ ಬಾಯಿಂದ ಆ ಮಾತು ಹೊರಡುವುದೋ ಇಲ್ಲವೋ ಅವಳಿಗೇ ತಿಳಿಯದು. ಆಗ ಶಿವದೇವಿ ಅಜ್ಜಿ ದೇವರ ಜಗಲಿಯಿಂದ ಎದ್ದು ಬಂದು ನಡುಮನೆಯಲ್ಲಿ ನಿಂತಳು. ಅವಳ ಹಣೆಯ ಮೇಲೆ ಮಾತ್ರ ವಿಭೂತಿಯಿತ್ತು. ಆ ಮುಂಜಾನೆ ಬೇರೆ ಯಾರಿಗೂ ಹಚ್ಚಿರಲಿಲ್ಲ.

"ಅಮರ್ಯಾ, ಅವರಿಗೆ ಚಹಾ ಕೊಟ್ಟು ಕಳಸು. ರೋಗ ಹಚ್ಚಿದ್ದು ಬೆಕ್ಕಲ್ಲ, ನಾನು."

ಎಲ್ಲವನ್ನೂ ಅವಳೇ ಹೇಳಿದಳು. ಗಟ್ಟಿ, ಬೆರಳು, ಮೊದಲು ಪಿಂಕಿ ಆಮೇಲೆ ಎಲ್ಲರು. ಲಹರಿಯ ಹೆಸರು ತೆಗೆಯಲಿಲ್ಲ. ಹೇಳಿ ಮುಗಿಸಿ, ಸೆರಗಿನೊಳಗಿನ ಕೈ ಹೊರತೆಗೆಯದೆ, "ತ್ವಾಟಕ್ಕ ಯಾರನ್ನರ ಕಳಸೂದಿದ್ರ ನನ್ನನ್ನ ಕಳಸ್ರಿ," ಎಂದಳು.

ಅಡುಗೆಮನೆಯಲ್ಲಿ ಚಹ ಉಕ್ಕಿ ಒಲೆಯ ಮೇಲೆ ಚರ್ ಎಂದಿತು. ಯಾರೂ ಅತ್ತ ಹೋಗಲಿಲ್ಲ. ಲಹರಿ ಅವ್ವನ ಮುಖ ನೋಡುತ್ತಿದ್ದಳು. ಕಮಲಾಕ್ಷಿಯ ಬಾಯಿ ಒಮ್ಮೆ ತೆರೆಯಿತು. ಮೇಲಿನ ಹಲಗೆಯ ಡಬ್ಬಿಗಳತ್ತ ಕಣ್ಣು ಹೋಗಿ ಬಂತು.

"ಅತ್ತಿ, ಕುಂದರ್ರಿ," ಎಂದಳು ಕೊನೆಗೆ. ಸೆರಗಿನಿಂದ ಮುಖ ಒತ್ತಿಕೊಂಡು ಒಲೆ ಆರಿಸಲು ಹೋದಳು.

ಅಜ್ಜಿ ಆ ಗಟ್ಟಿಯನ್ನು ನೀರಲ್ಲಿ ಕರಗಿಸಿ ಬಿಲ್ವದ ಬುಡಕ್ಕೆ ಹೊಯ್ದಳು. ಸತೀಶನೂ ಅದೇ ಸರಿ ಎಂದ. ಹೊಸದು ತನ್ನಿ, ಒಬ್ಬೊಬ್ಬರಿಗೂ ಬೇರೆ ಬೇರೆ ಗಟ್ಟಿ ಇರಲಿ ಎಂದ. ಎಲ್ಲರೂ ಚರ್ಮದ ಡಾಕ್ಟರ ಬಳಿ ಹೋದರು. ಅಪ್ಪ ಮುಲಾಮಿನ ಟ್ಯೂಬು ಎಸೆದ. ಮರುದಿನ ಅವನು ಅಂಗಡಿಯ ಕೂಲರನ್ನು ಆಟೋದಲ್ಲಿ ಹಾಕಿಸಿಕೊಂಡು ಬಂದು ಹಿಂದಿನ ಕೋಣೆಯ ಕಿಟಕಿಗೆ ಇಟ್ಟ. ಬಜಾರದವರು ಏನಂದರು ಎಂದು ಅವ್ವ ಕೇಳಿದ್ದಕ್ಕೆ, "ಹುಚ್ಚು ಹಿಡದದ ಅಂದ್ರು," ಎಂದ.

ಪಿಂಕಿಯ ಹಣೆಯಲ್ಲಿ ಬಿಳಿ ನವುರು ಹುಟ್ಟಿತು. ಅವರೆಲ್ಲರ ಹಣೆಯ ಉಂಗುರಗಳು ಕಂದಿ, ಮಾಸಿ, ಹೋದವು. ಆದರೆ ಅಜ್ಜಿಯ ಕೈ ಸೆರಗಿನಿಂದ ಹೊರಬರಲಿಲ್ಲ. ಅವಳು ರೊಟ್ಟಿ ಬಡಿಯುವುದನ್ನು ಬಿಟ್ಟಳು. ಎಲೆಯಡಿಕೆಯ ತಟ್ಟೆಯನ್ನು ಬೇರೆ ಇಟ್ಟುಕೊಂಡಳು. ಲಹರಿ ಹೊರಡುವಾಗ ಹಣೆ ಚಾಚಿ ನಿಂತರೆ, "ನೀನ ಹಚ್ಚಿಕೋ," ಎಂದು ಹೊಸ ಗಟ್ಟಿಯ ಕಡೆ ಗದ್ದ ತೋರಿಸುತ್ತಿದ್ದಳು. ಕಥೆಯನ್ನೂ ನಿಲ್ಲಿಸಿದಳು. ಅವ್ವನೇ ಒಂದು ದಿನ ಹಿಟ್ಟು ನಾದಿ ಮುಂದಿಟ್ಟು, ತನ್ನ ರೊಟ್ಟಿ ಸೀಳುತ್ತಿವೆ, ನೀವು ಬಡಿಯಿರಿ ಎಂದು ಕರೆದಳು. ಅಜ್ಜಿ ಎದ್ದು ಮಾಳಿಗೆಗೆ ಹೋದಳು.

ವಾಸಿಯಾದದ್ದು ತಡವಾಗಿತ್ತು. ಒಂದು ಪರೀಕ್ಷೆ ಸಾಲದು, ಒಂದರ ಹಿಂದೊಂದು ಎರಡು ಸಲ ಚೊಕ್ಕಟ ಬರಬೇಕು ಎಂಬುದು ಡಾಕ್ಟರ ಕಟ್ಟಳೆ. ಮೊದಲನೆಯದು ಚೊಕ್ಕಟ ಬಂದ ವಾರ ಕಲಬುರಗಿಯಲ್ಲಿ ಶೈಲಶ್ರೀ ಹೆತ್ತಳು, ಹೆಣ್ಣು. ಕಮಲಾಕ್ಷಿ ಅಂಟಿನುಂಡಿಯ ಡಬ್ಬಿ ಹೊತ್ತು ರೈಲಿನಲ್ಲಿ ಹೋಗಿ, ಮಗಳ ಬಾಣಂತನವನ್ನು ಬೀಗರ ಮನೆಯಲ್ಲಿ ಅತಿಥಿಯ ಹಾಗೆ ನೋಡಿ, ಮೂರನೆಯ ದಿನಕ್ಕೆ ತಿರುಗಿ ಬಂದಳು. ಕೂಸು ಯಾರ ಹಾಗಿದೆ ಎಂದು ಅಜ್ಜಿ ಬಾಗಿಲಲ್ಲಿ ನಿಂತು ಕೇಳಿದ್ದಕ್ಕೆ, "ಹಣಿ ನಿಮ್ದು," ಎಂದಳು.

ಎರಡನೆಯ ಪರೀಕ್ಷೆಯೂ ಚೊಕ್ಕಟ ಬಂತು. ಲಹರಿ ಆ ಸುದ್ದಿಯನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿದಳೇ ಹೊರತು ಕೋಣೆಯ ಕದ ತೆಗೆದಿಡಲಿಲ್ಲ. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಕೂಸಿಗೆ ಮೂರು ತಿಂಗಳು ತುಂಬಿ ಅಕ್ಕ ತವರಿಗೆ ಬರುವ ದಿನ ಮುಂಜಾನೆ ಪಿಂಕಿಯ ಮೈ ಬಾಚಿ, ಮಡಿಕೆ ಒರೆಸಿ ಒಣಗಿಸಿ, ಮತ್ತೆ ಕದ ಎಳೆದಳು.

ಶೈಲಶ್ರೀ ಕೂಸನ್ನು ಎತ್ತಿಕೊಂಡು ಮೆಟ್ಟಿಲೇರಿ ಬಂದಳು. ಅವ್ವ ಕೂಸಿಗೆ ನೀರಿಳಿಸಿ ದೃಷ್ಟಿ ತೆಗೆದಳು, ಅಪ್ಪ ಎತ್ತಿಕೊಂಡ, ಕೆಳಮನೆಯ ಹಣಮಂತರಾಯರೂ ಬಂದು ಗದ್ದ ಹಿಡಿದು ಹೋದರು. ಅಜ್ಜಿ ದೂರದ ಗೋಡೆಗೆ ಒರಗಿ ನೋಡುತ್ತಿದ್ದಳು. ಅಕ್ಕ ಎರಡು ಸಲ ಕೂಸನ್ನು ಅವಳ ಕಡೆ ಚಾಚಿದಳು. ಅಜ್ಜಿ ಎರಡು ಸಲವೂ ತಲೆಯಾಡಿಸಿದಳು.

"ಬ್ಯಾಡವ್ವ. ಇಲ್ಲಿಂದ ಕಾಣತಾಳ ನನಗ."

ಶೈಲಶ್ರೀ ಕೂಸನ್ನು ಎದೆಗೊತ್ತಿಕೊಂಡು ಹೋಗಿ ಅಜ್ಜಿಯ ಪಕ್ಕದಲ್ಲೇ ಚಾಪೆಯ ಮೇಲೆ ಕೂತಳು. ಆಮೇಲೆ ತಂಗಿಯನ್ನು ನೋಡಿ, "ಎಲ್ಲೈತಿ ನಂದು?" ಎಂದಳು.

ಲಹರಿ ಹಿಂದಕ್ಕೆ ಹೋದಳು. ಸಂದಿಯಿಂದ ಸೊರ್ ಸೊರ್ ಎಂದು ಉಸಿರು ಕೇಳುತ್ತಿತ್ತು. ಅವಳು ಚಿಲಕ ಸರಿಸಿ ಕದ ತೆಗೆದಳು. ಕದ ಹೋದ ಮೇಲೂ ಪಿಂಕಿ ಒಂದು ಗಳಿಗೆ ಅದೇ ಜಾಗದಲ್ಲಿ, ಬರಿಯ ಗಾಳಿಗೆ ಮುಖ ಹಚ್ಚಿ ಕೂತಿತ್ತು. ಲಹರಿ ಬಗ್ಗಿ ಅದನ್ನು ಎತ್ತಿಕೊಂಡು ನಡುಮನೆಗೆ ಬಂದಳು.

ಅಕ್ಕ ಎರಡೂ ಕೈ ಚಾಚಲು ಹೋದಳು. ಕೈಯಲ್ಲಿ ಕೂಸಿತ್ತು. ಅತ್ತಿತ್ತ ನೋಡಿದಳು. ಅವ್ವ ಒಲೆಯ ಹತ್ತಿರ, ಅಪ್ಪ ಮೆಟ್ಟಿಲ ಹತ್ತಿರ. "ಹಿಡೀ ಅಜ್ಜಿ, ತೊಡಿ ಖಾಲಿ ಆಗಬೇಕು ನನಗ," ಎಂದು, ಹೌದು ಇಲ್ಲ ಎನ್ನಲು ಬಿಡದೆ, ಕೂಸನ್ನು ಅಜ್ಜಿಯ ಸೆರಗಿನ ಮೇಲೆ ಇಟ್ಟುಬಿಟ್ಟಳು.

ಕೂಸು ಜಾರತೊಡಗಿತು. ಸೆರಗಿನೊಳಗಿನಿಂದ ಎರಡು ಕೈಗಳು ಹೊರಗೆ ಬಂದು ಅದನ್ನು ಹಿಡಿದವು.

ಲಹರಿ ಪಿಂಕಿಯನ್ನು ಅಕ್ಕನ ತೊಡೆಯ ಮೇಲೆ ಹಾಕಿದಳು.